ಬ್ರೇಕ್ ಲಕ್ಷ್ಮಣನೂ ಸಿಂಧಘಟ್ಟದ ಬಿಳಿ ಗಾಡಿಯೂ

ಕೃಷ್ಣರಾಜಪೇಟೆಯಲ್ಲಿ ಯಾರನ್ನಾದರೂ ನಿಲ್ಲಿಸಿ ಲಕ್ಷ್ಮಣ ಎಲ್ಲಿ ಅಂತ ಕೇಳಿ, ‘ಯಾವ ಲಕ್ಷ್ಮಣ’ ಅನ್ನುತ್ತಾರೆ. ಬ್ರೇಕ್ ಲಕ್ಷ್ಮಣ ಅಂದರೆ ಸಾಕು, ಮೈಸೂರು ರಸ್ತೆಯ ಕಡೆ ಕೈ ತೋರಿಸುತ್ತಾರೆ. ಅವನು ಇಂಜಿನ್ ಮುಟ್ಟುವುದಿಲ್ಲ, ಗೇರ್ ಬಾಕ್ಸ್ ಬಿಚ್ಚುವುದಿಲ್ಲ. ಬ್ರೇಕು ಬಿಟ್ಟರೆ ಇನ್ನೊಂದಿಲ್ಲ. ‘ಓಡ್ಸೋಕೆ ಊರ್ ತುಂಬ ಜನ ಅವ್ರೆ, ನಿಲ್ಸೋಕೂ ಒಬ್ಬ ಬೇಕಲ್ವಾ’ ಅಂತ ಒಂದು ಸಲ ನನಗೆ ಹೇಳಿದ್ದ. ಹನ್ನೊಂದು ವರ್ಷದಲ್ಲಿ ಅವನು ನನ್ನ ಹತ್ತಿರ ಆಡಿದ ಅತಿ ಉದ್ದದ ಮಾತು ಅದೇ ಇರಬೇಕು.

ನಾನು ಕೆಂಪಣ್ಣ. ಅವನ ಷೆಡ್ಡಿನ ಎದುರಿಗೇ ನನ್ನ ಸ್ಪೇರ್ ಪಾರ್ಟ್ಸ್ ಅಂಗಡಿ. ನನ್ನ ಬಾಯಿ ದೊಡ್ಡದು. ಇದನ್ನು ನನ್ನ ಹೆಂಡತಿ ಪುಟ್ಟತಾಯಮ್ಮನೇ ದಿನಕ್ಕೆ ಎರಡು ಸಲ ಹೇಳುವುದರಿಂದ ಬೇರೆಯವರು ಹೇಳುವ ಅಗತ್ಯ ಬಿದ್ದಿಲ್ಲ. ಇಂಥ ನನ್ನ ಎದುರಿಗೆ ದೇವರು ಒಬ್ಬ ಮೂಕನಂಥ ಮನುಷ್ಯನನ್ನು ತಂದು ಕೂರಿಸಿದ. ಬೆಳಗ್ಗೆ ನಾನು ಷಟರ್ ಎತ್ತುತ್ತಾ ‘ಏನ್ ಲಕ್ಷ್ಮಣ’ ಅಂತೀನಿ, ಅವನು ‘ಹೂಂ ಅಣ್ಣ’ ಅಂತಾನೆ. ಸಂಜೆ ಷಟರ್ ಎಳೆಯುವಾಗ ಇನ್ನೊಂದು ಹೂಂ. ದಿನದ ಲೆಕ್ಕ ಅಲ್ಲಿಗೆ ಮುಗಿಯಿತು.

ಅವನದು ಆಚಾರ್ರ ಮನೆ. ಅಪ್ಪನಿಗೆ ಹಳೇ ಸಂತೆ ಮೈದಾನದ ಪಕ್ಕದಲ್ಲಿ ಕುಲುಮೆ ಇತ್ತು. ಸುತ್ತಲಿನ ಹಳ್ಳಿಯ ಎತ್ತಿನ ಗಾಡಿಗಳಿಗೆಲ್ಲ ಅವರೇ ಕಬ್ಬಿಣದ ಪಟ್ಟಿ ಬಿಗಿಯುತ್ತಿದ್ದರು. ಪಟ್ಟಿಯನ್ನು ಕೆಂಪಗೆ ಕಾಯಿಸಿ, ಇಬ್ಬರು ಹಿಡಿದು ಮರದ ಚಕ್ರದ ಮೇಲೆ ಕೂರಿಸಿ, ತಕ್ಷಣ ಬಿಂದಿಗೆಗಟ್ಟಲೆ ನೀರು ಹುಯ್ಯುವುದು. ಕಬ್ಬಿಣ ಚುರ್ರೆಂದು ಕುಗ್ಗಿ ಮರವನ್ನು ಕಚ್ಚಿಕೊಳ್ಳುತ್ತಿತ್ತು. ಆ ನೀರು ಹುಯ್ಯುವ ಕೆಲಸ ಲಕ್ಷ್ಮಣನದು. ಗಾಡಿಗಳು ಹೋಗಿ ಟ್ರಾಕ್ಟರು ಬಂದ ಮೇಲೆ ಕುಲುಮೆ ತಣ್ಣಗಾಯಿತು. ಹುಡುಗ ಬಾಬುರಾಯನಕೊಪ್ಪಲಿನ ಒಂದು ಲಾರಿ ಗ್ಯಾರೇಜಿಗೆ ಸೇರಿ, ಹದಿನೆಂಟು ವರ್ಷ ಅಲ್ಲೇ ಚಕ್ರದ ಕೆಳಗೆ ಮಲಗಿ ಬ್ರೇಕು ಕಲಿತ. ಆಮೇಲೆ ಊರಿಗೆ ಬಂದು ಷೆಡ್ಡು ಹಾಕಿದ.

ಹೆಂಡತಿ ಲಲಿತಮ್ಮ ನಾಗಮಂಗಲದಲ್ಲಿ ಮಗಳ ಮನೆಯಲ್ಲಿದ್ದಾಳೆ. ಮಗಳು ಸೌಮ್ಯಶ್ರೀಯ ಬಾಣಂತನಕ್ಕೆ ಅಂತ ಮೂರು ತಿಂಗಳಿಗೆ ಹೋದವಳು. ಆ ಮಗು ಈಗ ಸ್ಕೂಲಿಗೆ ಹೋಗುತ್ತಿದೆ. ಜಗಳವೇನೂ ಇಲ್ಲ. ಅವಳು ‘ಬರಲಾ’ ಅಂತ ಕೇಳಲಿಲ್ಲ, ಇವನು ‘ಬಾ’ ಅಂತ ಅನ್ನಲಿಲ್ಲ, ನಾಲ್ಕು ವರ್ಷ ಕಳೆದುಹೋಯಿತು. ಷೆಡ್ಡಿನ ಹಿಂದಿನ ಕೋಣೆಯಲ್ಲಿ ಅನ್ನ ಮಾಡಿಕೊಳ್ಳುತ್ತಾನೆ. ಮಧ್ಯಾಹ್ನ ಒಂದೂವರೆಗೆ ತಟ್ಟೆ ಹಿಡಿದು ರಸ್ತೆಗೆ ಬೆನ್ನು ಹಾಕಿ, ಗೋಡೆ ನೋಡಿಕೊಂಡು ಉಣ್ಣುತ್ತಾನೆ. ನಾನು ಹನ್ನೊಂದು ವರ್ಷ ಆ ಬೆನ್ನು ನೋಡಿದ್ದೇನೆ. ಒಂದು ದಿನವೂ ನನ್ನ ಡಬ್ಬಿ ಹಿಡಿದು ರಸ್ತೆ ದಾಟಲಿಲ್ಲ. ಇದನ್ನು ಈಗಲೇ ಹೇಳಿಬಿಡುತ್ತೇನೆ, ಮುಂದೆ ಅವನ ತಪ್ಪು ಹೇಳುವಾಗ ನಾನೇನೋ ಸಾಚಾ ಅಂತ ಯಾರೂ ತಿಳಿಯಬಾರದು.

ಹೋದ ಸಂಕ್ರಾಂತಿ ಕಳೆದ ಮೇಲೆ ಸಿಂಧಘಟ್ಟದ ಚಿಕ್ಕಸ್ವಾಮಿ ಅನ್ನುವ ಗೌಡರು ತಮ್ಮ ಗಾಡಿ ತಂದು ಷೆಡ್ಡಿನ ಮುಂದೆ ನಿಲ್ಲಿಸಿದರು. ಗಾಡಿಯೋ, ಮನೆಯೋ. ಏಳು ಸೀಟು, ಬಿಳಿ ಬಣ್ಣ, ಬಾನೆಟ್ಟು ನನ್ನ ಎದೆಮಟ್ಟ. ಕಬ್ಬು, ಹಸು, ಅಣ್ಣತಮ್ಮಂದಿರ ದೊಡ್ಡ ಸಂಸಾರ ಅವರದು. ಮಗಳು ಅರ್ಪಿತಳನ್ನು ಮೇಲುಕೋಟೆಗೆ ಕೊಟ್ಟಿದ್ದರು. ಪ್ರತಿ ಸೋಮವಾರ ಮೊಸರು, ಸೊಪ್ಪು, ತೆಂಗಿನಕಾಯಿ ಹೇರಿಕೊಂಡು ಬೆಟ್ಟ ಹತ್ತುತ್ತಿದ್ದರು. ಇಳಿಯುವಾಗ ಕಾಟ ಶುರುವಾಗಿತ್ತು.

‘ಬ್ರೇಕ್ ಮೇಲೆ ಕಾಲ್ ಮಡಗುದ್ರೆ ಸ್ಟೇರಿಂಗು ಗಡಗಡ ಅಂತ ನಡುಗ್ತದೆ ಕಣಯ್ಯ ಆಚಾರಿ. ಜ್ವರ ಬಂದೋರಂಗೆ. ಮೈಸೂರ್ ಷೋರೂಮ್ನೋರು ಏನೂ ಇಲ್ಲ ಅಂದ್ಬುಟ್ರು.’

ಲಕ್ಷ್ಮಣ ಮುಂದಿನ ಚಕ್ರ ಎರಡೂ ಬಿಚ್ಚಿದ. ಒಳಗೆ ದೋಸೆ ಹೆಂಚಿನಂಥ ಕಬ್ಬಿಣದ ಡಿಸ್ಕು ಇರುತ್ತದೆ. ಪೆಡಲು ತುಳಿದಾಗ ಎರಡು ಪ್ಯಾಡು ಆ ಡಿಸ್ಕನ್ನು ಎರಡೂ ಕಡೆಯಿಂದ ಅಮುಕಿ ಹಿಡಿಯುತ್ತವೆ, ಗಾಡಿ ನಿಲ್ಲುತ್ತದೆ. ಡಿಸ್ಕು ಕೂದಲೆಳೆಯಷ್ಟು ಡೊಂಕಾದರೂ ಸಾಕು, ಇಡೀ ಗಾಡಿ ನಡುಗುತ್ತದೆ. ಈ ಗಾಡಿಯ ಡಿಸ್ಕುಗಳು ಡೊಂಕಾಗಿದ್ದವು, ಮೇಲೆ ನೀಲಿ ಮಚ್ಚೆ ಎದ್ದಿದ್ದವು. ಲೇತಿಗೆ ಹಾಕಿಸಿ, ಮೇಲಿನ ಪದರ ಕೆರೆಸಿ ಸಮ ಮಾಡಿಸಿ ತಂದು ಕೂರಿಸಲು ನಾಲ್ಕು ಗಂಟೆ ಹಿಡಿಯಿತು.

ಆ ನಾಲ್ಕು ಗಂಟೆಯೂ ಗೌಡರು ಷೆಡ್ಡಿನ ಬೆಂಚಿನ ಮೇಲೆ ಕೂತಿದ್ದರು. ಬೇರೆ ದೊಡ್ಡ ಗಾಡಿಯವರು ಕೀ ಬಿಸಾಕಿ, ಆದ ಮೇಲೆ ಫೋನ್ ಮಾಡು ಅಂತ ಹೋಗುತ್ತಾರೆ. ಈ ಮನುಷ್ಯನಿಗೆ ಬಾಯಿ ಸುಮ್ಮನಿರುತ್ತಿರಲಿಲ್ಲ. ಹಸು, ಕಬ್ಬು, ಬೀಗರ ಜಿಪುಣತನ, ತಮ್ಮ ಮಂಡಿನೋವು, ಲಕ್ಷ್ಮಣನ ಅಪ್ಪ ತಮ್ಮ ಗಾಡಿಗೆ ಪಟ್ಟಿ ಬಿಗಿದ ಕತೆ. ಮಧ್ಯಾಹ್ನ ಡಬ್ಬಿ ಬಿಚ್ಚಿದರು. ಅವರ ಹೆಂಡತಿ ಬೆಟ್ಟಮ್ಮ ಮೂರು ಮುದ್ದೆ, ಹುರುಳಿಕಾಳಿನ ಬಸ್ಸಾರು ಕಟ್ಟಿದ್ದರು.

‘ಬಾರ್ಲಾ, ತಟ್ಟೆ ತತ್ತಾ. ಗೋಡೆ ನೋಡ್ಕಂಡ್ ಉಣ್ಣೋಕೆ ನೀನೇನ್ ಗೋಡೆಗೆ ಸಾಲ ಕೊಟ್ಟಿದ್ದೀಯಾ?’

ಲಕ್ಷ್ಮಣ ನಕ್ಕ. ನಾನು ಗಲ್ಲಾಪೆಟ್ಟಿಗೆಯ ಹಿಂದಿನಿಂದ ತಲೆ ಎತ್ತಿ ನೋಡಿದೆ, ಬೇರೆ ಯಾರೋ ಬಂದಿದ್ದಾರೆ ಅಂದುಕೊಂಡು. ಅವನ ನಗು ನಾನು ಕೇಳಿದ್ದು ಅದೇ ಮೊದಲು. ಅವತ್ತು ಅವನು ರಸ್ತೆಗೆ ಮುಖ ಮಾಡಿ ಉಂಡ.

ಐದು ವಾರಕ್ಕೆ ಗಾಡಿ ಮತ್ತೆ ಬಂತು. ಅದೇ ನಡುಕ. ಲಕ್ಷ್ಮಣನ ಮುಖ ಕಪ್ಪಿಟ್ಟಿತು, ಯಾಕೆಂದರೆ ಅವನು ಮುಟ್ಟಿದ ಬ್ರೇಕು ತಿರುಗಿ ಬಂದದ್ದು ಅದುವರೆಗೆ ಇರಲಿಲ್ಲ. ಎಲ್ಲ ಬಿಚ್ಚಿ, ಒಂದೊಂದನ್ನೇ ಒರೆಸಿ, ಬೆಳಕಿಗೆ ಹಿಡಿದು ನೋಡಿದ. ನಾನು ಹೊಸ ಪ್ಯಾಡು ಕೊಡಲು ಹೋಗಿದ್ದವನು ಅಲ್ಲೇ ನಿಂತೆ. ಗಾಡಿಯ ಹಿಂಬದಿಯಲ್ಲಿ ಒಂದು ಪ್ಲಾಸ್ಟಿಕ್ ಬಕೆಟ್ ಇತ್ತು.

‘ಇದ್ಯಾಕೆ ಗೌಡ್ರೆ ಬಕೀಟು?’ ಅಂತ ಲಕ್ಷ್ಮಣ ಕೇಳಿದ.

‘ಅದಾ? ಬೆಟ್ಟ ಇಳ್ದ ಮೇಲೆ ಬುಡದಾಗೆ ಒಂದು ನೀರಿನ ಕಟ್ಟೆ ಐತಲ್ಲ, ನಮ್ಮಪ್ಪ ಅಲ್ಲಿ ಎತ್ತಿನ ಕಾಲಿಗೆ ನೀರ್ ಹುಯ್ಯದೆ ಮುಂದಕ್ಕೆ ಗಾಡಿ ಹೊಡೀತಿರ್ನಿಲ್ಲ. ಇಳಿಜಾರಲ್ಲಿ ತಡ್ಕಂಡು ತಡ್ಕಂಡು ಬಂದಿರ್ತವೆ, ಗೊರಸು ಕಾದಿರ್ತವೆ ಅನ್ನೋನು. ಇದೂ ಅಂಗೇ ಕಣ್ಲಾ. ಚಕ್ರದ ತಾವ ಕೈ ಮಡಗಕ್ಕಾಗಕಿಲ್ಲ, ಕಮಟು ವಾಸ್ನೆ ಬೇರೆ. ನಾಲ್ಕೂ ಚಕ್ರಕ್ಕೂ ನಾಲ್ಕು ಬಕೀಟು ನೀರ್ ಹುಯ್ತೀನಿ. ಚುಸ್ಸ್ ಅಂತದೆ, ಪಾಪ. ಆಯಾಸ ಕಳೀತದೆ.’

ಎಂಥ ಅಂತಃಕರಣದ ಮನುಷ್ಯ ಅಂತ ನಾನು ಅಂದುಕೊಂಡೆ. ಲಕ್ಷ್ಮಣ ಆ ಬಕೆಟ್ಟನ್ನೇ ಇನ್ನೊಂದು ಸಲ ನೋಡಿದ. ಡಿಸ್ಕು ಎತ್ತಿಕೊಂಡು ಲೇತಿನ ಅಂಗಡಿಗೆ ಹೊರಟ. ಗೌಡರು ಬೆಂಚಿನ ಮೇಲೆ ಕಾಲು ಮಡಚಿ ಕೂತು ನನ್ನನ್ನೂ ಮಾತಿಗೆ ಎಳೆದರು. ಅವತ್ತು ಡಬ್ಬಿಯಲ್ಲಿ ನಾಲ್ಕು ಮುದ್ದೆ ಇದ್ದವು.

ಮೂರನೇ ಸಲ ಬಂದದ್ದು ಯುಗಾದಿಯ ಆಚೆ, ನಾಲ್ಕನೇ ಸಲ ಮಳೆ ಹಿಡಿದ ಮೇಲೆ. ಬಸ್ ಸ್ಟ್ಯಾಂಡಿನ ಜನಕ್ಕೆ ನಗಲು ಒಂದು ನೆಪ ಸಿಕ್ಕಿತು. ‘ಬ್ರೇಕ್ ಲಕ್ಷ್ಮಣಂಗೆ ಬ್ರೇಕೇ ಸಿಕ್ತಿಲ್ವಂತೆ’ ಅಂತ ಟೀ ಅಂಗಡಿಯಲ್ಲಿ ಆಡಿಕೊಂಡರು. ನಾನು ಅವನ ಪರವಾಗಿ ಇಬ್ಬರ ಹತ್ತಿರ ಜಗಳ ಆಡಿದೆ. ಲಕ್ಷ್ಮಣ ಮಾತ್ರ ತಲೆ ಕೆಡಿಸಿಕೊಂಡಂತೆ ಕಾಣಲಿಲ್ಲ. ಬೆಂಚಿಗೆ ಬಣ್ಣ ಹೊಡೆದ. ಇನ್ನೊಂದು ಸ್ಟೀಲ್ ತಟ್ಟೆ, ಇನ್ನೊಂದು ಲೋಟ ತಂದಿಟ್ಟ. ಸೋಮವಾರ ಕಳೆದು ಮಂಗಳವಾರ ಆದರೆ ಸಿಂಧಘಟ್ಟದ ಕಡೆಯಿಂದ ಬರುವ ಪ್ರತಿ ಬಿಳಿ ಗಾಡಿಯನ್ನೂ ಕತ್ತು ಎತ್ತಿ ನೋಡುತ್ತಿದ್ದ. ಇಷ್ಟೆಲ್ಲ ನೋಡಿಯೂ ನನಗೆ ತಲೆ ಓಡಲಿಲ್ಲ, ಅದೇ ನನ್ನ ಬುದ್ಧಿವಂತಿಕೆ.

ಓಡಿದ್ದು ನನ್ನ ಮನೆಯ ಅಡುಗೆಕೋಣೆಯಲ್ಲಿ. ಒಂದು ಭಾನುವಾರ ಬೆಳಗ್ಗೆ ದೋಸೆ ಹಿಟ್ಟು ಮುಗಿಯಿತು. ಒಲೆಯ ಮೇಲಿನ ಕಾದ ಹೆಂಚನ್ನು ನಾನೇ ತೊಳೆದಿಡೋಣ ಅಂತ ನಲ್ಲಿಯ ಕೆಳಗೆ ಹಿಡಿಯಲು ಹೋದೆ. ಪುಟ್ಟತಾಯಮ್ಮ ಕೂಗಿಕೊಂಡಳು.

‘ಅಯ್ಯೋ, ಬುಡಿ ಅತ್ಲಾಗೆ! ಕಾದ ಹೆಂಚಿಗೆ ನೀರ್ ಬುಟ್ರೆ ಡೊಂಕಾಯ್ತದೆ, ಆಮೇಕೆ ದೋಸೆ ಏಳಕಿಲ್ಲ. ಅಷ್ಟೂ ಗೊತ್ತಿಲ್ವಾ?’

ಹೆಂಚು ಹಿಡಿದುಕೊಂಡು ಹಾಗೇ ನಿಂತೆ. ಅಡುಗೆ ಮಾಡುವ ಹೆಂಗಸಿಗೆ ಗೊತ್ತಿರುವುದು ಕುಲುಮೆಯಲ್ಲಿ ಹುಟ್ಟಿದವನಿಗೆ ಗೊತ್ತಿರುವುದಿಲ್ಲವೇ? ಕೆಂಡದಂಥ ಕಬ್ಬಿಣಕ್ಕೆ ನೀರು ಹುಯ್ದೇ ದೊಡ್ಡವನಾದವನು ಅವನು.

ಸೋಮವಾರ ಅಂಗಡಿಯ ಷಟರ್ ಕೂಡ ಎತ್ತದೆ ರಸ್ತೆ ದಾಟಿದೆ.

‘ಲಕ್ಷ್ಮಣ, ಆ ಡಿಸ್ಕು ಯಾಕೆ ಡೊಂಕಾಗ್ತದೆ ಅಂತ ನಿಂಗೆ ಗೊತ್ತು.’

ಅವನು ಕೈಯಲ್ಲಿದ್ದ ಸ್ಪಾನರನ್ನು ಒರೆಸಿದ. ಒರೆಸಿದ್ದನ್ನೇ ಮತ್ತೆ ಒರೆಸಿದ.

‘ಗೊತ್ತು ಕಣಣ್ಣ.’

‘ಯಾವಾಗಿಂದ?’

‘ಬಕೀಟು ನೋಡ್ದಾಗಿಂದ.’

‘ಮತ್ಯಾಕೆ ಹೇಳ್ಲಿಲ್ಲ? ನೀರ್ ಹುಯ್ಬೇಡಿ, ಇಳಿಯೋವಾಗ ಎರಡ್ನೇ ಗೇರಲ್ಲಿ ಇಳೀರಿ, ಬ್ರೇಕ್ ಮೇಲೆ ಕಾಲ್ ಮಡಿಕ್ಕಂಡೇ ಬರಬೇಡಿ. ಮೂರು ಮಾತು. ಮುಗೀತಿತ್ತಲ್ಲ!’

‘ಅದ್ಕೇ’ ಅಂದ. ‘ಮುಗೀತಿತ್ತು.’

ನನಗೆ ಸಿಟ್ಟು ನೆತ್ತಿಗೇರಿತು. ಬೈದೆ. ಬ್ರೇಕು ಕಣಯ್ಯ ಅದು, ಹಾರ್ನ್ ಅಲ್ಲ, ಏಳು ಜನ ಕೂರುವ ಗಾಡಿ, ಮೇಲುಕೋಟೆ ತಿರುವು, ಬುದ್ಧಿ ಇದೆಯಾ ಅಂತ ಏನೇನೋ ಅಂದೆ. ಅವನು ತಲೆ ತಗ್ಗಿಸಿಕೊಂಡು ಕೇಳಿದ. ಆಮೇಲೆ ಗೋಡೆಯ ಮೇಲೆ ಸೀಸದ ಕಡ್ಡಿಯಲ್ಲಿ ಬರೆದಿಟ್ಟಿದ್ದ ಅಂಕಿಗಳನ್ನು ತೋರಿಸಿದ. ಲೇತಿನಲ್ಲಿ ಕೆರೆದಷ್ಟೂ ಡಿಸ್ಕು ತೆಳ್ಳಗಾಗುತ್ತದೆ, ಅದಕ್ಕೇ ಪ್ರತಿ ಸಲವೂ ಅದರ ದಪ್ಪ ಅಳೆದು ಬರೆದಿದ್ದ. ಎಷ್ಟಕ್ಕೆ ಇಳಿದರೆ ಅಪಾಯ ಅನ್ನುವ ಅಂಕಿಯನ್ನು ಕೆಳಗೆ ಬರೆದು ಅಡ್ಡಗೆರೆ ಎಳೆದಿದ್ದ.

‘ಗೆರೆ ತಂಕ ಬಂದಿಲ್ಲ ಅಣ್ಣ. ಇನ್ನೊಂದ್ ಸಲ ತಡೀತದೆ. ಆಮೇಲೆ ಹೇಳ್ತೀನಿ, ನಮ್ಮಪ್ಪನಾಣೆ.’

ನಾನೇ ಗೌಡರಿಗೆ ಹೇಳಬಹುದಿತ್ತು. ನನ್ನ ಹತ್ತಿರ ಅವರ ನಂಬರ್ ಇತ್ತು. ಆದರೆ ಅವನ ಮುಖ ನೋಡಿ ನನ್ನ ದೊಡ್ಡ ಬಾಯಿ ಕಟ್ಟಿತು. ಇನ್ನೊಂದು ಸಲ ತಾನೇ, ಅವನೂ ಒಂದು ದಿನ ಮನುಷ್ಯರ ಎದುರಿಗೆ ಕೂತು ಉಣ್ಣಲಿ ಅಂತ ಅಂದುಕೊಂಡೆ. ಅಂಥ ಕರುಣೆಯನ್ನು ಬೇರೆಯವರ ಪ್ರಾಣ ಪಣಕ್ಕಿಟ್ಟು ತೋರಿಸುವುದು ಬಹಳ ಸುಲಭ.

ಐದನೇ ಸಲ ಗಾಡಿ ಬಂದದ್ದು ಆಷಾಢ ಕಳೆದ ಮೇಲೆ, ಒಂದು ಬುಧವಾರ. ಗೌಡರು ಎಂದಿಗಿಂತ ಗೆಲುವಾಗಿದ್ದರು.

‘ಬೇಗ ಮಾಡ್ಕೊಡ್ಲಾ ಲಕ್ಷ್ಮಣ. ಶುಕ್ರವಾರ ಅರ್ಪಿತನ್ನ ಕರ್ಕಂಬತ್ತೀವಿ. ಬಸುರಿ, ಏಳ್ ತಿಂಗ್ಳು ತುಂಬ್ತು. ನಮ್ಮನೆಯೋಳು, ನಮ್ಮತ್ತಿಗೆ, ಎಲ್ಲ ಬತ್ತಾವ್ರೆ. ಗಾಡಿ ತುಂಬ ಹೆಂಗಸ್ರು. ಬೆಟ್ಟ ಇಳಿಯೋವಾಗ ಒಸಿ ಅಲುಗ್ಬಾರ್ದು, ನೋಡು.’

ಲಕ್ಷ್ಮಣ ಚಕ್ರ ಬಿಚ್ಚಿ ಡಿಸ್ಕು ಅಳೆದ. ಇನ್ನೊಂದು ಸಲ ಅಳೆದ. ನಾನು ಅಂಗಡಿಯ ಬಾಗಿಲಲ್ಲಿ ನಿಂತಿದ್ದೆ. ಎಡಗಡೆಯದು ಗೆರೆಯ ಕೆಳಗೆ ಇಳಿದಿತ್ತು, ಅಂಚಿನಲ್ಲಿ ಉಗುರಿನಷ್ಟು ಬಿರುಕು ಬಿಟ್ಟಿತ್ತು. ಗೌಡರು ಅದೇ ಡಿಸ್ಕಿನ ಮೇಲೆ ಸಿಂಧಘಟ್ಟದಿಂದ ಬಂದಿದ್ದರು, ಎರಡು ದಿನದ ಹಿಂದೆ ಅದರ ಮೇಲೆ ಬೆಟ್ಟವನ್ನೂ ಇಳಿದಿದ್ದರು. ಲಕ್ಷ್ಮಣ ಬಿರುಕಿನ ಮೇಲೆ ಬೆರಳಿಟ್ಟುಕೊಂಡು ಬಹಳ ಹೊತ್ತು ಕುಕ್ಕರಗಾಲಲ್ಲಿ ಕೂತಿದ್ದ. ಆಮೇಲೆ ರಸ್ತೆ ದಾಟಿ ನನ್ನ ಹತ್ತಿರ ಬಂದ.

‘ಅಣ್ಣ, ಹೊಸಾ ಡಿಸ್ಕು ಎರಡು. ಇವತ್ತೇ ಬೇಕು.’

ಮೈಸೂರಿಗೆ ಫೋನ್ ಮಾಡಿ ಬಸ್ಸಿನಲ್ಲಿ ಹಾಕಿಸಿಕೊಂಡೆ. ನಾಲ್ಕು ಗಂಟೆಗೆ ಬಂದವು, ನಾನೇ ಹೊತ್ತುಕೊಂಡು ಹೋಗಿ ಕೊಟ್ಟೆ. ಅವತ್ತು ಮಧ್ಯಾಹ್ನ ಗೌಡರು ಡಬ್ಬಿ ಬಿಚ್ಚಿ ಕರೆದಾಗ ಲಕ್ಷ್ಮಣ ಹಸಿವಿಲ್ಲ ಅಂದಿದ್ದ. ಹೊಸ ಡಿಸ್ಕು ಕೂರಿಸಿ, ಗಾಡಿ ಓಡಿಸಿ ನೋಡಿ ತಂದು ನಿಲ್ಲಿಸಿದ. ಕೀ ಕೈಗೆ ಕೊಡಲಿಲ್ಲ.

‘ಗೌಡ್ರೆ, ಇನ್ಮೇಲೆ ಬೆಟ್ಟ ಇಳಿದ ಗಾಡಿಗೆ ನೀರ್ ಹುಯ್ಬೇಡಿ. ಕಾದ ಕಬ್ಬುಣ ನೀರ್ ಬಿದ್ರೆ ಡೊಂಕಾಯ್ತದೆ. ಇಷ್ಟು ದಿನ ಆಗಿದ್ದು ಅದೇಯ. ಎರಡ್ನೇ ಗೇರಲ್ಲಿ ಇಳೀರಿ, ಬುಡದಾಗೆ ಸುಮ್ಕೆ ಅರ್ಧ ಗಂಟೆ ನಿಲ್ಸಿ. ತಾನಾಗೇ ತಣ್ಣಗಾಯ್ತದೆ.’

ಗೌಡರು ನಕ್ಕರು. ‘ಅಯ್ಯೋ ಶಿವನೇ, ನಾನೇ ಕೆಡಿಸ್ಕಂಡು ನಿಂಗೆ ಕೆಟ್ಟೆಸ್ರು ತಂದ್ನಲ್ಲೋ! ಇದು ಇವತ್ತು ಹೊಳೀತಾ ನಿಂಗೆ?’

ಹೂಂ ಅಂದುಬಿಟ್ಟಿದ್ದರೆ ಆಗುತ್ತಿತ್ತು. ಹನ್ನೊಂದು ವರ್ಷ ನನ್ನ ಹತ್ತಿರ ಹೂಂ ಅಂದವನೇ ತಾನೆ. ಅವತ್ತು ಆ ಹೂಂ ಅವನ ಬಾಯಲ್ಲಿ ಬರಲಿಲ್ಲ.

‘ಇಲ್ಲ. ಎರಡ್ನೇ ಸಲ ಬಂದಾಗ್ಲೇ ಗೊತ್ತಾಯ್ತು.’

ಗೌಡರಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಬಿಚ್ಚಿ ಕೆಳಗಿಟ್ಟಿದ್ದ ಹಳೇ ಡಿಸ್ಕಿನ ಬಿರುಕು ನೋಡಿದರು. ಬಣ್ಣ ಹೊಡೆದ ಬೆಂಚು ನೋಡಿದರು, ತೊಳೆದು ಬೋರಲು ಹಾಕಿದ್ದ ಎರಡು ತಟ್ಟೆ ನೋಡಿದರು. ಬೈಯುತ್ತಾರೆ, ಹೊಡೆದೇಬಿಡುತ್ತಾರೆ ಅಂತ ನಾನು ನಡುವೆ ಹೋಗಿ ನಿಂತೆ. ಅವರು ಬಹಳ ಮೆತ್ತಗೆ ಮಾತಾಡಿದರು.

‘ಬಾ ಅಂದಿದ್ರೆ ಬತ್ತಿರ್ನಿಲ್ವೇನ್ಲಾ? ಸುಮ್ಕೇ ಬಾ ಗೌಡ, ಕುಂತ್ಕಳನ ಅಂದಿದ್ರೆ ಬಸ್ಸಲ್ಲಾದ್ರೂ ಬತ್ತಿದ್ದೆ. ನನ್ ಮಗಳು ಬೆಟ್ಟ ಇಳಿಯೋ ಗಾಡಿ ಕಣ್ಲಾ ಇದು.’

ಲಕ್ಷ್ಮಣ ಕೀ ಚಾಚಿದ. ಗೌಡರು ತೆಗೆದುಕೊಂಡು ಹೊರಟುಹೋದರು. ಖಾಲಿ ಡಬ್ಬಿ ಬೆಂಚಿನ ಮೇಲೇ ಉಳಿದಿತ್ತು. ಲಕ್ಷ್ಮಣ ಅದನ್ನು ಎತ್ತಿಕೊಂಡು ಗಾಡಿಯ ಹಿಂದೆ ಹತ್ತು ಹೆಜ್ಜೆ ಓಡಿ ನಿಂತ. ಮಾರನೇ ದಿನ ಸಿಂಧಘಟ್ಟದ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಕೊಟ್ಟು ಕಳಿಸಿದ.

ಶುಕ್ರವಾರ ಅವನು ಕೆಲಸ ಮಾಡಲಿಲ್ಲ. ಸಂಜೆ ನಾನೇ ಸಿಂಧಘಟ್ಟದ ಗಿರಾಕಿಯೊಬ್ಬನನ್ನು ವಿಚಾರಿಸಿ, ಎಲ್ಲರೂ ಕ್ಷೇಮವಾಗಿ ಮನೆ ಸೇರಿದರಂತೆ ಅಂತ ಹೋಗಿ ಹೇಳಿದೆ. ‘ಹೂಂ ಅಣ್ಣ’ ಅಂದ. ಒಳಗೆ ಹೋಗಿ ಬಾಗಿಲು ಹಾಕಿಕೊಂಡ.

ಗೌಡರು ಈ ವಿಷಯ ಊರಲ್ಲಿ ಯಾರಿಗೂ ಹೇಳಲಿಲ್ಲ. ಲಕ್ಷ್ಮಣನ ಹೆಸರು ಹಾಳು ಮಾಡಬೇಕು ಅಂದಿದ್ದರೆ ಒಂದು ಟೀ ಕುಡಿಯುವಷ್ಟು ಹೊತ್ತು ಸಾಕಾಗಿತ್ತು. ಮಾಡಲಿಲ್ಲ. ತಿಂಗಳಾಯಿತು, ಎರಡಾಯಿತು. ಬಿಳಿ ಗಾಡಿ ವಾರಕ್ಕೊಮ್ಮೆ ನಮ್ಮ ರಸ್ತೆಯಲ್ಲೇ ಹಾಲಿನ ಡೇರಿಯ ಕಡೆ ಹೋಗುತ್ತದೆ. ಮುಂದಿನ ರೋಡ್ ಹಂಪಿನ ಹತ್ತಿರ ಬ್ರೇಕು ಹಾಕುತ್ತದೆ, ನಡುಕವಿಲ್ಲ, ಸದ್ದಿಲ್ಲ. ಲಕ್ಷ್ಮಣ ಚಕ್ರದ ಕೆಳಗೆ ಮಲಗಿದ್ದರೂ ಕೈ ನಿಲ್ಲಿಸಿ ಕೇಳಿಸಿಕೊಳ್ಳುತ್ತಾನೆ. ಗಾಡಿ ನಿಲ್ಲುವುದಿಲ್ಲ.

ನಾನು ಒಂದು ದಿನ ಡಬ್ಬಿ ಹಿಡಿದು ಹೋಗಿ ಅವನ ಎದುರಿಗೆ ಕೂತೆ. ಹನ್ನೊಂದು ವರ್ಷ ತಡ. ಅವನು ಮರ್ಯಾದೆಗೆ ಒಂದು ಸೌಟು ಸಾರು ಹಾಕಿಸಿಕೊಂಡ. ನಾನು ಮಾತಾಡಿದೆ, ಅವನು ಹೂಂಗುಟ್ಟಿದ. ನಾನು ಚಿಕ್ಕಸ್ವಾಮಿಯಲ್ಲ. ಯಾರೋ ಒಬ್ಬರು ಸಿಕ್ಕರೆ ಒಂಟಿತನ ಹೋಗುತ್ತದೆ ಅನ್ನುವುದು ಸುಳ್ಳು, ಆ ಒಬ್ಬರೇ ಬೇಕು. ಕೊನೆಗೆ ನನಗೆ ರೇಗಿತು.

‘ಫೋನ್ ಮಾಡಯ್ಯ. ಬಾ ಅಂದ್ರೆ ಬತ್ತಿದ್ದೆ ಅಂತ ಅವ್ರೇ ಹೇಳವ್ರೆ. ಬನ್ನಿ ಅನ್ನು. ಎರಡಕ್ಷರ. ನಾಲಿಗೆ ಸವೆಯುತ್ತಾ?’

ಅವನು ಬಹಳ ಹೊತ್ತು ಕೈ ಒರೆಸಿದ. ಫೋನ್ ತೆಗೆದು, ನಂಬರ್ ಒತ್ತಿ, ಕಿವಿಗೆ ಹಿಡಿದ. ಎದುರಿಗೇ ಕೂತಿದ್ದ ನನಗೆ ಆ ಕಡೆಯ ದನಿ ಚೆನ್ನಾಗಿ ಕೇಳುತ್ತಿತ್ತು. ಹಿಂದೆ ಎಲ್ಲೋ ಎಳೆಗೂಸು ಅಳುತ್ತಿತ್ತು.

‘ಏನ್ಲಾ ಲಕ್ಷ್ಮಣ?’ ಅಂದರು ಗೌಡರು. ಸಿಟ್ಟಿರಲಿಲ್ಲ ದನಿಯಲ್ಲಿ. ಕಾಯುತ್ತಿದ್ದವರ ಹಾಗಿತ್ತು.

ಲಕ್ಷ್ಮಣ ಬಾಯಿ ತೆರೆದ. ನಾನು ತುಟಿಯಲ್ಲೇ ‘ಬನ್ನಿ’ ಅಂತ ತೋರಿಸಿದೆ.

‘ಬ್ರೇಕು ಎಂಗವೆ ಗೌಡ್ರೆ?’

ಆ ಕಡೆ ಕೂಸಿನ ಅಳು ಫೋನಿನ ಹತ್ತಿರ ಬಂತು.

‘ಚೆನ್ನಾಗವೆ ಕಣಪ್ಪ.’

ಕೂಸು ಅಳು ನಿಲ್ಲಿಸಿತು.

‘ಇನ್ನೇನ್ಲಾ?’ ಅಂದರು ಗೌಡರು.

‘ಇನ್ನೇನಿಲ್ಲ’ ಅಂದ ಲಕ್ಷ್ಮಣ.